ಶರದೃತುವಿನಲ್ಲಿ ಇಬ್ಬರೇ: ಸಾಗರದ ಸೀಮೆಯ ತೋಟದ ಮನೆಯಲ್ಲಿ ಎರಡು ರಾತ್ರಿ ಕಳೆಯುವ ಬಗೆ

ಮಲೆನಾಡೆಂದರೆ ಮಳೆಗಾಲ ಎಂಬುದು ಬಹಳ ಜನರ ಲೆಕ್ಕ. ಜುಲೈಯಲ್ಲಿ ಜೋಗ ನೋಡಲು ಹೋಗಿ, ಒದ್ದೆ ಬಟ್ಟೆಯಲ್ಲೇ ಮೂರು ದಿನ ಕಳೆದು, ಮಂಜು ಕವಿದು ಜಲಪಾತವೂ ಕಾಣದೆ ವಾಪಸಾದವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಗಂಡ ಹೆಂಡತಿ ಇಬ್ಬರೇ ಹೋಗಿ ಬರುವುದಾದರೆ ನಾನು ಹೇಳುವ ಕಾಲ ಬೇರೆ. ನವರಾತ್ರಿ ಮುಗಿದು ದೀಪಾವಳಿ ಬರುವುದರ ನಡುವೆ ಸುಮಾರು ಮೂರು ವಾರ ಸಿಗುತ್ತದಲ್ಲ, ಅದು. ಆಕಾಶ ತೊಳೆದಿಟ್ಟಂತೆ ಇರುತ್ತದೆ. ಹಳ್ಳಗಳಲ್ಲಿ ನೀರಿದೆ, ಆದರೆ ಕೆಂಪು ಇಳಿದು ತಿಳಿಯಾಗಿದೆ. ಗದ್ದೆಯಲ್ಲಿ ಭತ್ತ ಹೊಡೆ ಬಿಚ್ಚಿ ತೆನೆ ತೂಗುತ್ತದೆ. ಅಡಿಕೆ ತೋಟದಲ್ಲಿ ಮೊದಲ ಕೊಯ್ಲಿಗೆ ಕೊನೆಗಾರ, ಅಂದರೆ ಅಡಿಕೆ ಗೊನೆ ಇಳಿಸುವವ, ಮರ ಹತ್ತಿರುತ್ತಾನೆ. ಸಂಜೆ ಆರೂವರೆಗೆಲ್ಲ ಕತ್ತಲು. ಜೊತೆಯಲ್ಲಿ ಕೂತು ಮಾತಾಡಲು ಉದ್ದದ ಸಂಜೆ ಸಿಗುತ್ತದೆ.

ನಾನು ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಅಡಿಕೆ ಮನೆಯಲ್ಲಿ. ಆ ಮನೆ, ತೋಟ ಈಗ ನಮ್ಮದಲ್ಲ. ಹಾಗಾಗಿ ಒಂಬತ್ತು ವರ್ಷದಿಂದ ಪ್ರತಿ ಶರತ್ಕಾಲದಲ್ಲಿ ನಾನೂ ನನ್ನ ಗಂಡನೂ ನಮ್ಮೂರ ಸೀಮೆಗೇ ಅತಿಥಿಗಳಾಗಿ ಹೋಗುತ್ತೇವೆ. ಅವರು ಮಂಡ್ಯದ ಕಡೆಯವರು, ಕಬ್ಬಿನ ಗದ್ದೆ ನೋಡಿ ಬೆಳೆದವರು. ಒಂಬತ್ತು ಸಲದಲ್ಲಿ ಎರಡು ಸಲ ಪ್ರವಾಸ ಕೆಟ್ಟಿತು, ಏಳು ಸಲ ಚೆನ್ನಾಯಿತು. ಕೆಟ್ಟದ್ದೇಕೆ, ಕೂಡಿಬಂದದ್ದು ಹೇಗೆ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಸಾಗರ, ಹೆಗ್ಗೋಡು, ಕೆಳದಿಯ ಸುತ್ತ ನನಗೆ ಗೊತ್ತಿರುವುದರಿಂದ ಉದಾಹರಣೆಗಳೆಲ್ಲ ಅಲ್ಲಿನವೇ.

ಮೊದಲು ದಿನ ಗೊತ್ತುಮಾಡಿ: ಮಳೆ ನಕ್ಷತ್ರ ಮತ್ತು ಚಂದ್ರ ನೋಡಿ

ಆಫೀಸಿನ ರಜಾಪಟ್ಟಿ ಹಿಡಿದು ಉದ್ದದ ವಾರಾಂತ್ಯ ಹುಡುಕಬೇಡಿ. ಗಾಂಧಿ ಜಯಂತಿ, ಆಯುಧಪೂಜೆಗೆ ಹೊಂದಿಕೊಂಡ ರಜೆಗಳಲ್ಲಿ ಜೋಗದ ದಾರಿಯಲ್ಲಿ ಕಾರು ಸಾಲುಗಟ್ಟಿರುತ್ತದೆ, ಒಳ್ಳೆಯ ಮನೆಗಳೂ ಸಿಕ್ಕುವುದಿಲ್ಲ. ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ತೆಗೆಯಿರಿ.

ಹಸ್ತ ಮಳೆ ಸೆಪ್ಟೆಂಬರ್ ಕೊನೆಗೆ ಹುಟ್ಟುತ್ತದೆ. ಅಕ್ಟೋಬರ್ 10ರ ಆಸುಪಾಸು ಚಿತ್ತೆ, 24ರ ಹೊತ್ತಿಗೆ ಸ್ವಾತಿ. ಹಸ್ತದಲ್ಲಿ ಮುಂಗಾರಿನ ಬಾಲ ಇನ್ನೂ ಇರುತ್ತದೆ, ದಿನವಿಡೀ ಜಿಟಿಜಿಟಿ ಹಿಡಿಯುವುದೂ ಉಂಟು. ಚಿತ್ತೆಯ ಮಳೆಯ ರೀತಿ ಬೇರೆ. ಮಧ್ಯಾಹ್ನದವರೆಗೆ ಚುರುಕು ಬಿಸಿಲು, ನಾಲ್ಕರ ಮೇಲೆ ಗುಡುಗು, ಒಂದು ಗಂಟೆ ದಬದಬ ಸುರಿದು ಮತ್ತೆ ನಕ್ಷತ್ರ. 'ಸ್ವಾತಿ ಮಳೆ ಮುತ್ತಿನ ಬೆಳೆ' ಅನ್ನುತ್ತಾರೆ ನಮ್ಮ ಕಡೆ. ಸ್ವಾತಿಯ ಹೊತ್ತಿಗೆ ಬೆಳಗಿನ ಜಾವ ಕಂಬಳಿ ಬೇಕೆನ್ನಿಸುತ್ತದೆ, ಹುಲ್ಲಿನ ಮೇಲೆ ಇಬ್ಬನಿ ಕೂರುತ್ತದೆ. ನನ್ನ ಆಯ್ಕೆ ಚಿತ್ತೆಯ ಕೊನೆ ಅಥವಾ ಸ್ವಾತಿಯ ಮೊದಲ ವಾರ.

ಇನ್ನು ಚಂದ್ರ. ಆಶ್ವಯುಜದ ಹುಣ್ಣಿಮೆಗೆ ಬಯಲುಸೀಮೆಯವರು ಸೀಗೆ ಹುಣ್ಣಿಮೆ ಎನ್ನುತ್ತಾರೆ, ಮಲೆನಾಡಿನವರಿಗೆ ಅದು ಭೂಮಿ ಹುಣ್ಣಿಮೆ. ಆ ಹುಣ್ಣಿಮೆಗೆ ಮುಂಚಿನ ನಾಲ್ಕು ದಿನದಲ್ಲಿ ಬರುವ ವಾರಾಂತ್ಯ ಎಲ್ಲಕ್ಕಿಂತ ಒಳ್ಳೆಯದು. ಆಗ ಸೂರ್ಯ ಮುಳುಗುವಾಗಲೇ ಚಂದ್ರ ಮೇಲೇರಿರುತ್ತಾನೆ, ಮಲಗುವ ತನಕ ಅಂಗಳದಲ್ಲಿ ಬೆಳದಿಂಗಳು. ಹುಣ್ಣಿಮೆ ಕಳೆದ ಮೇಲೆ ಚಂದ್ರ ಹುಟ್ಟುವುದು ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತಾ ಹೋಗುತ್ತದೆ. ನಾಲ್ಕು ದಿನ ಕಳೆದರೆ ಒಂಬತ್ತು ಗಂಟೆಯವರೆಗೆ ಕಾಯಬೇಕು, ಅಷ್ಟು ಹೊತ್ತಿಗೆ ಹಳ್ಳಿಮನೆಯಲ್ಲಿ ದೀಪ ಆರಿರುತ್ತದೆ.

ದೀಪಾವಳಿಯ ಮೂರು ದಿನ ಬೇಡ. ನಮ್ಮಲ್ಲಿ ಅದಕ್ಕೆ 'ದೊಡ್ಡಹಬ್ಬ' ಎಂದೇ ಹೆಸರು. ಗೋಪೂಜೆ, ನೆಂಟರು, ರಾತ್ರಿ ದೀಪ ಹಿಡಿದು ಮನೆ ಮನೆಗೆ ಹಾಡುತ್ತಾ ಬರುವ ಅಂಟಿಕೆ ಪಂಟಿಕೆಯ ತಂಡ. ಮನೆಯವರು ಹಬ್ಬದಲ್ಲಿ ಮುಳುಗಿರುವಾಗ ನಿಮ್ಮನ್ನು ನೋಡಿಕೊಳ್ಳಲು ಅವರಿಗೂ ಕಷ್ಟ, ಆ ಗದ್ದಲದಲ್ಲಿ ನಿಮಗೂ ಏಕಾಂತ ಸಿಗದು. ಅಂಟಿಕೆ ಪಂಟಿಕೆ ನೋಡಲೇಬೇಕೆಂಬ ಆಸೆಯಿದ್ದರೆ ಅದಕ್ಕೆಂದೇ ಬೇರೆ ಒಂದು ವರ್ಷ ಇಟ್ಟುಕೊಳ್ಳಿ.

ಮನೆ ಆರಿಸುವುದು: ಫೋಟೊ ನೋಡಿ ಮರುಳಾಗಬೇಡಿ, ಫೋನ್ ಮಾಡಿ

ನಮ್ಮ ಮೊದಲ ಪ್ರವಾಸ ಕೆಟ್ಟಿದ್ದು ಇಲ್ಲೇ. ಜಾಲತಾಣದಲ್ಲಿ 'ಕಾಟೇಜ್' ಎಂದಿತ್ತು. ಫೋಟೊದಲ್ಲಿ ಹಸಿರು ಗುಡ್ಡ, ಬಿಳಿ ಪರದೆ, ಮಂಚದ ಮೇಲೆ ಗುಲಾಬಿ ಎಸಳು. ಹೋಗಿ ನೋಡಿದರೆ ತಗಡಿನ ಮಾಡಿನ ನಾಲ್ಕು ಕೋಣೆ, ಪಕ್ಕದಲ್ಲೇ ಜನರೇಟರ್, ಎದುರಿನ ಕೋಣೆಗೆ ಬಂದಿದ್ದ ಹನ್ನೆರಡು ಜನರ ತಂಡದ ಸ್ಪೀಕರ್ ಬೆಳಗಿನ ಎರಡು ಗಂಟೆಯ ತನಕ. ಸ್ವಾತಿಯ ಮಳೆ ತಗಡಿನ ಮೇಲೆ ಬಿದ್ದರೆ ಹತ್ತಿರ ಕೂತವರ ಮಾತೂ ಕೇಳುವುದಿಲ್ಲ. ಅದೇ ಮಳೆ ಮಂಗಳೂರು ಹಂಚಿನ ಮೇಲೆ ಬಿದ್ದರೆ ನಿದ್ದೆ ಬರುತ್ತದೆ. ಅಂದಿನಿಂದ ನಾನು ಕೇಳುವ ಮೊದಲ ಪ್ರಶ್ನೆಯೇ ಇದು: "ಮಾಡು ಹಂಚಿನದ್ದೋ, ತಗಡಿನದ್ದೋ?"

ಬುಕ್ ಮಾಡುವ ಮುಂಚೆ ಮನೆಯವರೊಡನೆ ಹತ್ತು ನಿಮಿಷ ಮಾತಾಡಿ. ಕೇಳಬೇಕಾದವು ಇಷ್ಟು.

- ಮನೆಯವರು ಅಲ್ಲೇ ವಾಸ ಇದ್ದಾರೆಯೇ? ಅವರದೇ ಅಡುಗೆಯೇ? ಕೆಲಸದವರ ಕೈಗೆ ಬಿಟ್ಟು ಪೇಟೆಯಲ್ಲಿರುವ ಮಾಲೀಕರ ಮನೆ ಬೇಡ.
- ಆ ದಿನ ಬೇರೆ ಅತಿಥಿಗಳು ಎಷ್ಟು ಜನ? ಸ್ಪೀಕರ್ ಹಾಕಲು ಬಿಡುತ್ತೀರಾ?
- ಬಚ್ಚಲು ಕೋಣೆಗೆ ಹೊಂದಿಕೊಂಡಿದೆಯೇ, ಅಂಗಳ ದಾಟಬೇಕೇ? ಬಿಸಿನೀರು ಹಂಡೆಯದ್ದೋ ಗೀಸರಿನದ್ದೋ?
- ಡಾಂಬರು ರಸ್ತೆಯಿಂದ ಮನೆಗೆ ಮಣ್ಣು ದಾರಿ ಎಷ್ಟು? ಮಳೆ ಬಂದರೆ ಸಣ್ಣ ಕಾರು ಹತ್ತುತ್ತದೆಯೇ?
- ಕೊನೆಕೊಯ್ಲು (ಅಡಿಕೆ ಗೊನೆಯ ಕೊಯ್ಲು) ಶುರುವಾಗಿದೆಯೇ? ಅಡಿಕೆ ಬೇಯಿಸುತ್ತಿದ್ದೀರಾ?
- ಯಾವ ಗುರುತುಪತ್ರ ತರಬೇಕು? ಮದುವೆಯಾಗದ ಜೋಡಿಗಳಿಗೆ ಕೆಲವು ಮನೆಗಳಲ್ಲಿ ಕೋಣೆ ಕೊಡುವುದಿಲ್ಲ. ಬಾಗಿಲಿಗೆ ಹೋಗಿ ಮುಜುಗರವಾಗುವುದಕ್ಕಿಂತ ಫೋನಿನಲ್ಲೇ ಕೇಳಿಕೊಳ್ಳಿ.

ದರ ಸಾಮಾನ್ಯವಾಗಿ ತಲೆಗೆ ಇಷ್ಟು, ಊಟ ತಿಂಡಿ ಸೇರಿ ಎಂದಿರುತ್ತದೆ. ಎಷ್ಟು ಹೊತ್ತಿನ ಊಟ ಸೇರಿದೆ ಎಂಬುದನ್ನು ಖಚಿತ ಮಾಡಿಕೊಳ್ಳಿ. ಅಡಿಕೆ ಮನೆಗಳಲ್ಲಿ ಬಹುಪಾಲು ಸಸ್ಯಾಹಾರ, ಮದ್ಯಕ್ಕೆ ಅವಕಾಶವಿಲ್ಲ. ನಿಮಗದು ಒಗ್ಗದಿದ್ದರೆ ಬೇರೆ ಬಗೆಯ ಮನೆಗಳೂ ಇವೆ, ಮುಂಚೆಯೇ ಹುಡುಕಿಕೊಳ್ಳಿ.

ಕೋಣೆಗಿಂತ ಜಗಲಿ ಮುಖ್ಯ. ಗುಡ್ಡದ ತುದಿಯ 'ವ್ಯೂ' ಮನೆಗಿಂತ ತೋಟದ ತಲೆಯಲ್ಲಿರುವ, ಮುಂದೆ ಅಂಗಳ, ಅಂಗಳಕ್ಕೆ ಮುಖ ಮಾಡಿದ ಉದ್ದ ಜಗಲಿ ಇರುವ ಹಳೆಯ ಮನೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಎರಡು ದಿನದಲ್ಲಿ ನೀವು ಹೆಚ್ಚು ಹೊತ್ತು ಕಳೆಯುವುದು ಅಲ್ಲೇ.

ಎಷ್ಟು ದಿನ, ಹೇಗೆ ಹೋಗುವುದು

ಒಂದು ರಾತ್ರಿ ಸಾಲದು. ಶುಕ್ರವಾರ ರಜೆ ಹಾಕಿ. ಗುರುವಾರ ರಾತ್ರಿ ಮೈಸೂರಿನಿಂದ ಬೆಂಗಳೂರು ಮೂಲಕ ತಾಳಗುಪ್ಪಕ್ಕೆ ಹೋಗುವ ರೈಲು ಹತ್ತಿದರೆ ಬೆಳಗಾಗುವ ಹೊತ್ತಿಗೆ ಸಾಗರ. ಟಿಕೆಟಿನಲ್ಲಿ ನಿಲ್ದಾಣದ ಹೆಸರು ಸಾಗರ ಜಂಬಗಾರು ಎಂದಿರುತ್ತದೆ, ಗಾಬರಿ ಬೇಡ. ಭಾನುವಾರ ರಾತ್ರಿ ಅದೇ ಮಾರ್ಗದ ರೈಲು ಹಿಡಿದರೆ ಸೋಮವಾರ ಬೆಳಗ್ಗೆ ಬೆಂಗಳೂರು. ಮೂರು ಹಗಲು, ಎರಡು ರಾತ್ರಿ ಪೂರ್ತಿ ನಿಮ್ಮದು. ವಾರಾಂತ್ಯದ ಟಿಕೆಟು ಬೇಗ ಮುಗಿಯುತ್ತದೆ, ಬುಕಿಂಗ್ ತೆರೆದ ವಾರದಲ್ಲೇ ತೆಗೆದಿಟ್ಟುಕೊಳ್ಳಿ.

ಕಾರಿನಲ್ಲಿ ತುಮಕೂರು, ಅರಸೀಕೆರೆ, ತರೀಕೆರೆ, ಶಿವಮೊಗ್ಗ ದಾರಿಯಾಗಿ ಏಳೆಂಟು ಗಂಟೆ. ಓಡಿಸುವವರು ಒಬ್ಬರೇ ಆದರೆ ಆ ಒಬ್ಬರ ಮೊದಲ ದಿನ ನಿದ್ದೆಯಲ್ಲೇ ಹೋಗುತ್ತದೆ. ನಾವು ಮೂರು ಸಲ ಹಾಗೆ ಮಾಡಿ ಈಗ ಬಿಟ್ಟಿದ್ದೇವೆ. ರೈಲಿಳಿದು ಆಟೊದಲ್ಲಿ ಮನೆ ಸೇರಿ, ಸುತ್ತಾಟಕ್ಕೆ ಮನೆಯವರೇ ಹೇಳುವ ಬಾಡಿಗೆ ಕಾರು ಒಂದು ದಿನಕ್ಕೆ ಹಿಡಿದರೆ ಸಾಕು.

ಚೀಲಕ್ಕೆ ಏನು ಹಾಕಬೇಕು

ಹತ್ತಿಯ ಬಟ್ಟೆ, ಒಂದು ಶಾಲು, ಕೊಡೆ, ಟಾರ್ಚು. ಹಿಡಿತವಿರುವ ಚಪ್ಪಲಿ, ಯಾಕೆಂದರೆ ಮಳೆ ನಿಂತು ತಿಂಗಳಾದರೂ ತೋಟದ ಕಾಲುದಾರಿಯಲ್ಲಿ ಪಾಚಿ ಒಣಗಿರುವುದಿಲ್ಲ. ಉದ್ದ ಕಾಲುಚೀಲ, ಸ್ವಲ್ಪ ಉಪ್ಪು ಅಥವಾ ಸುಣ್ಣ. ಉಂಬಳ (ಜಿಗಣೆ) ಕಡಿಮೆಯಾಗಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಕಚ್ಚಿದರೆ ಕಿತ್ತೆಳೆಯಬೇಡಿ, ಉಪ್ಪು ತಾಗಿಸಿದರೆ ತಾನೇ ಬಿಡುತ್ತದೆ. ಕಪ್ಪು ಅಥವಾ ಕಡುಕಂದು ಬಣ್ಣದ ಒಂದು ಜೊತೆ ಹಳೆಯ ಬಟ್ಟೆ ಇರಲಿ. ಅಡಿಕೆಯ ಚೊಗರು, ಅಂದರೆ ಅದರ ಕಂದು ರಸ, ತಾಗಿದರೆ ಯಾವ ಸೋಪಿಗೂ ಹೋಗುವುದಿಲ್ಲ.

ನವೆಂಬರ್ ಕೊನೆಗೆ ಹೋಗುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗಿನಿಂದ ಹರಡುವ ಈ ಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಅಕ್ಟೋಬರಿನಲ್ಲಿ ಅಪಾಯ ಕಡಿಮೆ, ಆದರೂ ಕಾಡಿನೊಳಗೆ ಸುಮ್ಮನೆ ಅಲೆಯಬೇಡಿ. ಸತ್ತ ಮಂಗ ಕಂಡರೆ ದೂರ ಸರಿದು ಮನೆಯವರಿಗೆ ತಿಳಿಸಿ. ಮನೆಗೆ ಬಂದಮೇಲೆ ಬಟ್ಟೆ ಬದಲಿಸಿ ಬಿಸಿನೀರಿನಲ್ಲಿ ಮೀಯಿರಿ.

ಹೊರಡುವ ಮುಂಚೆ ಇಬ್ಬರೂ ಒಂದೊಂದು ಆಸೆ ಹೇಳಿ

ನಮ್ಮ ಎರಡನೆಯ ಕೆಟ್ಟ ಪ್ರವಾಸಕ್ಕೆ ಮನೆ ಕಾರಣವಲ್ಲ, ಪಟ್ಟಿ ಕಾರಣ. ಜೋಗ, ಸಿಗಂದೂರು, ಕೆಳದಿ, ಇಕ್ಕೇರಿ, ವರದಾಮೂಲ, ಹೊನ್ನೆಮರಡು ಎಲ್ಲ ಎರಡು ದಿನದಲ್ಲಿ ಮುಗಿಸಬೇಕೆಂದು ನಾನೇ ಹಟ ಹಿಡಿದಿದ್ದೆ. ನನ್ನ ಊರನ್ನು ಪೂರ್ತಿ ತೋರಿಸುವ ಆತುರ ನನಗೆ. ಅವರಿಗೆ ಸುಮ್ಮನೆ ಮಲಗಬೇಕಿತ್ತು. ಮೂರನೆಯ ಜಾಗದ ಹೊತ್ತಿಗೆ ಕಾರಿನಲ್ಲಿ ಇಬ್ಬರಿಗೂ ಮಾತಿಲ್ಲ.

ಈಗ ನಮ್ಮ ಕ್ರಮ ಹೀಗಿದೆ. ರೈಲು ಹತ್ತುವ ಮುಂಚಿನ ವಾರ ಒಬ್ಬೊಬ್ಬರು ಒಂದೇ ಒಂದು ಆಸೆ ಹೇಳುತ್ತೇವೆ. ಅದನ್ನು ಇನ್ನೊಬ್ಬರು ಪ್ರಶ್ನೆಯಿಲ್ಲದೆ ಒಪ್ಪಬೇಕು. ಎರಡು ಆಸೆಗೆ ಎರಡು ಅರ್ಧ ದಿನ. ಉಳಿದ ಹೊತ್ತಿಗೆ ಯಾವ ಯೋಜನೆಯೂ ಇಲ್ಲ. ಹೋದ ವರ್ಷ ನನ್ನದು ಕೆಳದಿ, ಅವರದು 'ಹೊಳೆಯಲ್ಲಿ ಕಾಲು ಇಳಿಬಿಟ್ಟು ಒಂದು ಮಧ್ಯಾಹ್ನ'. ಸಾಲದ ಕಂತು, ಮಕ್ಕಳ ಶಾಲೆ, ಎರಡೂ ಕಡೆಯ ಅಪ್ಪ ಅಮ್ಮಂದಿರ ಔಷಧಿ, ಈ ಮೂರು ವಿಷಯ ಭಾನುವಾರದ ರೈಲಿನವರೆಗೆ ಎತ್ತುವಂತಿಲ್ಲ. ಫೋನು ದಿನಕ್ಕೆ ಎರಡು ಸಲ, ಮನೆಗೆ ಕರೆ ಮಾಡಲು ಮಾತ್ರ. ಎಷ್ಟೋ ಮನೆಗಳಲ್ಲಿ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಷ್ಟೇ ಸಿಗುವುದರಿಂದ ಇದು ಕಷ್ಟವೇನೂ ಅಲ್ಲ.

ಶುಕ್ರವಾರ: ತಲುಪಿದ ದಿನ ಎಲ್ಲಿಗೂ ಹೋಗಬೇಡಿ

ಮೊದಲು ಸ್ನಾನ. ಹಂಡೆಯ ನೀರಿಗೆ ಸೌದೆ ಒಲೆಯ ಹೊಗೆಯ ಸಣ್ಣ ಘಮ ಇರುತ್ತದೆ, ಮೈಗೆ ಸುರಿದುಕೊಂಡರೆ ರೈಲಿನ ಸುಸ್ತೆಲ್ಲ ಇಳಿಯುತ್ತದೆ. ಆಮೇಲೆ ತಿಂಡಿ. ಈ ಕಾಲದಲ್ಲಿ ಮೊಗೆಕಾಯಿಯ (ಮಂಗಳೂರು ಸೌತೆಯ) ತೆಳ್ಳೇವು, ಅಂದರೆ ತೆಳು ದೋಸೆ, ಮಾಡುತ್ತೀರಾ ಎಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿಡಿ. ಮಳೆಗಾಲದಲ್ಲಿ ಬೆಳೆದ ಮೊಗೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ನೇತುಹಾಕಿರುತ್ತಾರೆ. ಮನೆಯಾಕೆ ಒಪ್ಪಿದರೆ ಇಬ್ಬರೂ ಒಲೆಯ ಹತ್ತಿರ ಕೂತು ಹುಯ್ಯಲು ಕಲಿಯಿರಿ. ಎರಡು ಲೋಟ ದೋಸೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ತುರಿದ ಮೊಗೆಕಾಯಿ ಎರಡು ಲೋಟ, ನಿಂಬೆಗಾತ್ರದ ಬೆಲ್ಲ, ಉಪ್ಪು ಹಾಕಿ ನುಣ್ಣಗೆ ಬೀಸಬೇಕು. ಕಾಯಿಯೇ ನೀರು ಬಿಡುವುದರಿಂದ ಮೇಲೆ ನೀರು ಹಾಕಲು ಅವಸರ ಮಾಡಬಾರದು. ಹಿಟ್ಟು ಹುದುಗಬೇಕಿಲ್ಲ. ಕಾವಲಿ ಚೆನ್ನಾಗಿ ಕಾದಮೇಲೆ ತೆಳ್ಳಗೆ ಹರಡಿ, ಮುಚ್ಚಿ, ಒಂದೇ ಮಗ್ಗುಲು ಬೇಯಿಸಬೇಕು. ಅಂಚು ತಾನಾಗಿ ಏಳುತ್ತದೆ. ತುಪ್ಪ, ಜೋನಿ ಬೆಲ್ಲದ ಜೊತೆ ಬಿಸಿಬಿಸಿ ತಿನ್ನಬೇಕು. ನನ್ನ ಗಂಡನ ಮೊದಲ ನಾಲ್ಕು ತೆಳ್ಳೇವು ಹರಿದವು, ಐದನೆಯದು ಇಡಿಯಾಗಿ ಬಂತು. ಅದನ್ನು ಅವರು ನನ್ನ ಎಲೆಗೆ ಬಡಿಸಿದರು.

ಮಧ್ಯಾಹ್ನದ ಊಟಕ್ಕೆ ಒಂದೆಲಗದ ತಂಬುಳಿ, ಮಿಡಿ ಉಪ್ಪಿನಕಾಯಿ ಇದ್ದೇ ಇರುತ್ತದೆ. ಉಂಡು ಮಲಗಿ. ನಾಲ್ಕರ ಹೊತ್ತಿಗೆ ಎದ್ದು ಮನೆಯವರ ಜೊತೆ ತೋಟಕ್ಕಿಳಿಯಿರಿ. ತಾವಾಗಿಯೇ ಹೋಗಬೇಡಿ. ಅಡಿಕೆ ದಬ್ಬೆಯ ಸಂಕ (ಕಾಲುಸೇತುವೆ) ಯಾವುದು ಗಟ್ಟಿ, ಯಾವುದು ಲಡ್ಡು ಎಂದು ಅವರಿಗೇ ಗೊತ್ತು. ಕೊನೆಗಾರ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ತೂಗಿ ದಾಟಿಕೊಳ್ಳುವುದನ್ನು ಕೆಳಗೆ ನಿಂತು ನೋಡುವಾಗ ಎಂಥವರೂ ಪಕ್ಕದವರ ಕೈ ಹಿಡಿದುಕೊಳ್ಳುತ್ತಾರೆ.

ಆರರ ಮೇಲೆ ಜಗಲಿ. ಹೊತ್ತು ಮುಳುಗಿದ ಕೂಡಲೇ ಜೀರುಂಡೆ ಶುರುಮಾಡುತ್ತದೆ, ಏಳಕ್ಕೆಲ್ಲ ನಿಲ್ಲುತ್ತದೆ. ಆ ನಡುವೆ ಮಾತು ಬೇಡ. ಮನೆಯವರಿಗೆ ಹೇಳಿ ಅಂಗಳದ ದೀಪ ಆರಿಸಲು ಕೇಳಿಕೊಳ್ಳಿ. ಮಳೆ ಮುಗಿದಮೇಲೆ ಅಂಗಳ ಕೆತ್ತಿ, ಬಡಿದು, ಸಗಣಿ ಸಾರಿಸಿರುತ್ತಾರೆ. ಅದರ ಮೇಲೆ ಬೆಳದಿಂಗಳು ಬಿದ್ದಾಗ ಅಡಿಕೆ ಮರದ ನೆರಳು ಒಂದೊಂದಾಗಿ ಎಣಿಸಬಹುದು.

ಶನಿವಾರ ಬೆಳಗ್ಗೆ: ಪಾರಿಜಾತ

ಪಾರಿಜಾತದ ಮರ ಇಲ್ಲದ ಹಳೆಯ ಮನೆ ನಮ್ಮ ಕಡೆ ಕಡಿಮೆ. ಶರತ್ಕಾಲವೇ ಅದರ ಕಾಲ. ರಾತ್ರಿ ಅರಳಿ, ಬೆಳಗಾಗುವ ಮುಂಚೆ ಉದುರುತ್ತದೆ. ಹಿಂದಿನ ರಾತ್ರಿ ಮರದ ಬುಡದಲ್ಲಿ ಒಗೆದ ಪಂಚೆಯೊಂದನ್ನು ಹಾಸಿಡಿ. ಐದೂವರೆಗೆ ಎದ್ದು, ಶಾಲು ಹೊದ್ದು ಬುಡದಲ್ಲಿ ಕೂತುಕೊಳ್ಳಿ. ಕಿವಿಗೊಟ್ಟರೆ ಹೂ ಬೀಳುವ ಸದ್ದು ಕೇಳುತ್ತದೆ. ಎಲೆಗೆ ತಾಗಿ ಒಮ್ಮೆ, ಬಟ್ಟೆಗೆ ಬಿದ್ದು ಒಮ್ಮೆ. ಬೆಳಕು ಹರಿದಾಗ ಪಂಚೆಯ ತುಂಬ ಬಿಳಿ ಎಸಳು, ಕೇಸರಿ ತೊಟ್ಟು. ಅದರಲ್ಲಿ ಒಂದು ಹಿಡಿ ದೇವರಿಗೆ ಕೊಟ್ಟು ಉಳಿದದ್ದನ್ನು ಕೋಣೆಯಲ್ಲಿ ಬಾಳೆಲೆಯ ಮೇಲೆ ಹರಡಿ. ಹತ್ತು ಗಂಟೆಗೆ ಬಾಡುತ್ತದೆ, ಅಷ್ಟು ಹೊತ್ತು ಸಾಕು. ಅಂಗಡಿಯ ಗುಲಾಬಿ ಎಸಳಿಗೆ ನಾನು ಇದನ್ನು ಯಾವತ್ತೂ ಬದಲಾಯಿಸಿಕೊಳ್ಳಲಾರೆ.

ಮೊದಲ ಆಸೆ: ಒಂದೇ ಜಾಗ ಆರಿಸಿ

ಸಾಗರದ ಸುತ್ತ ಈ ಕಾಲಕ್ಕೆ ಹೊಂದುವ ಜಾಗಗಳಲ್ಲಿ ನನ್ನ ಇಷ್ಟದ ಕ್ರಮದಲ್ಲಿ ಹೇಳುತ್ತೇನೆ.

ಕೆಳದಿ. ಕೆಳದಿ ಅರಸರ ಮೊದಲ ರಾಜಧಾನಿ. 1672ರಿಂದ 1697ರವರೆಗೆ ಆಳಿದ ಚೆನ್ನಮ್ಮ, ಔರಂಗಜೇಬನ ಸೇನೆ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಗಂಡನನ್ನು ಕಳೆದುಕೊಂಡ ಮೇಲೆ ಇಪ್ಪತ್ತೈದು ವರ್ಷ ರಾಜ್ಯ ಕಾಪಾಡಿದ ಹೆಣ್ಣು. ವೀರಭದ್ರ ದೇವಸ್ಥಾನದ ಒಳಗೆ ಹೋದಾಗ ತಲೆಯೆತ್ತಿ ನೋಡಿ, ಚಾವಣಿಯಲ್ಲಿ ಗಂಡಭೇರುಂಡದ ಕೆತ್ತನೆಯಿದೆ. ಪಕ್ಕದಲ್ಲೇ ರಾಮೇಶ್ವರನ ಗುಡಿ. ಬೆಳಗ್ಗೆ ಹೋದರೆ ಇಬ್ಬರೇ ಇರುತ್ತೀರಿ.

ಇಕ್ಕೇರಿ. ಕೆಳದಿಯ ನಂತರದ ರಾಜಧಾನಿ. ಈಗ ಉಳಿದಿರುವುದು ಮುಖ್ಯವಾಗಿ ಅಘೋರೇಶ್ವರ ದೇವಾಲಯ ಮತ್ತು ಅದರ ಮುಂದಿನ ನಂದಿ ಮಂಟಪ. ಸುತ್ತ ಹುಲ್ಲು, ಮರ, ಕೂರಲು ತಂಪು ಕಲ್ಲು. ಬುತ್ತಿ ಕಟ್ಟಿಸಿಕೊಂಡು ಹೋಗಿ ಗುಡಿಯ ಆವರಣದ ಹೊರಗೆ ಉಣ್ಣಿ.

ಹೆಗ್ಗೋಡು. 1949ರಲ್ಲಿ ಶುರುವಾದ ನೀನಾಸಂ ರಂಗಸಂಸ್ಥೆ ಇರುವ ಊರು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿನ ಸಂಸ್ಕೃತಿ ಶಿಬಿರ ಸಾಮಾನ್ಯವಾಗಿ ಅಕ್ಟೋಬರಿನಲ್ಲೇ ನಡೆಯುತ್ತದೆ. ಆ ವಾರ ಸುತ್ತಲಿನ ಕೋಣೆಗಳೆಲ್ಲ ಭರ್ತಿ, ಆದರೆ ಸಂಜೆ ನಾಟಕ ನೋಡಿ ಕತ್ತಲಲ್ಲಿ ಟಾರ್ಚು ಹಿಡಿದು ವಾಪಸು ಬರುವ ಸುಖ ಬೇಕೆನ್ನುವವರು ದಿನಾಂಕ ಕೇಳಿ ತಿಳಿದು ಆ ವಾರವನ್ನೇ ಆರಿಸಲಿ. ಹತ್ತಿರದ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರ ಸಂಘದ ಕೈಮಗ್ಗವಿದೆ. ನಿಮ್ಮ ಬಟ್ಟೆಗೆ ತಾಗಬಾರದೆಂದು ನಾನು ಹೆದರಿಸಿದ ಅದೇ ಅಡಿಕೆ ಚೊಗರು ಅಲ್ಲಿ ಬಣ್ಣವಾಗಿ ನೂಲಿಗೆ ಏರುತ್ತದೆ. ಉಡುಗೊರೆ ಕೊಳ್ಳುವುದಿದ್ದರೆ ಅಲ್ಲಿ ಕೊಳ್ಳಿ.

ಹೊನ್ನೆಮರಡು. ಲಿಂಗನಮಕ್ಕಿಯ ಹಿನ್ನೀರಿನ ದಂಡೆ. 1964ರಲ್ಲಿ ಶರಾವತಿಗೆ ಕಟ್ಟಿದ ಈ ಅಣೆಕಟ್ಟು ಒಳ್ಳೆಯ ಮಳೆಯ ವರ್ಷ ಅಕ್ಟೋಬರಿನಲ್ಲಿ ತುಂಬಿ ನಿಂತಿರುತ್ತದೆ. ಸೂರ್ಯಾಸ್ತಕ್ಕೆ ಐದಕ್ಕೆಲ್ಲ ಅಲ್ಲಿರಿ. ದಂಡೆಯಲ್ಲಿ ಕೂರಿ, ನೀರಿಗಿಳಿದು ಈಜಬೇಡಿ. ಕೆಳಗೆ ಮುಳುಗಿದ ಮರಗಳಿವೆ, ಆಳ ತಿಳಿಯುವುದಿಲ್ಲ. ಆ ನೀರಿನಡಿ ಊರುಗಳೂ ಇವೆ. ನಾಡಿನ ಕರೆಂಟಿನ ಬೆಳಕಿಗಾಗಿ ಮನೆ ತೋಟ ಬಿಟ್ಟು ಎದ್ದುಹೋದವರ ಊರುಗಳು. ನನ್ನ ಅಜ್ಜಿಯ ತವರು ಅದರಲ್ಲೊಂದು. ಅಲ್ಲಿ ಕೂತಾಗ ನಾನು ಅದನ್ನು ಗಂಡನಿಗೆ ಪ್ರತಿಸಲವೂ ಹೇಳುತ್ತೇನೆ, ಅವರು ಪ್ರತಿಸಲವೂ ಕೇಳುತ್ತಾರೆ.

ಜೋಗ ಸಾಗರದಿಂದ ಸುಮಾರು 30 ಕಿಲೋಮೀಟರ್. ಶರತ್ಕಾಲದಲ್ಲಿ ನೀರು ಕಡಿಮೆ ಎಂದು ಮೂಗು ಮುರಿಯುವವರಿದ್ದಾರೆ. ನನಗನ್ನಿಸುವುದು ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇರೆ ಬೇರೆಯಾಗಿ, 253 ಮೀಟರ್ ಕೆಳಗಿನ ಬಂಡೆಯವರೆಗೂ ಕಾಣುವುದು ಈ ಕಾಲದಲ್ಲೇ. ಭಾನುವಾರ ಮಾತ್ರ ಬೇಡ, ಜನ ಜಾತ್ರೆ. ಸಿಗಂದೂರಿಗೆ ಮುಂಚೆ ಲಾಂಚಿನಲ್ಲಿ ದಾಟಬೇಕಿತ್ತು, 2025ರಲ್ಲಿ ಸೇತುವೆ ಆಯಿತು, ಹೋಗಿಬರುವುದು ಸುಲಭ.

ಶನಿವಾರ ರಾತ್ರಿ: ಅಡಿಕೆ ಸುಲಿಯುವ ಮನೆ

ಕೊಯ್ಲು ಶುರುವಾಗಿದ್ದರೆ ಈ ರಾತ್ರಿಯನ್ನು ಬಿಡಬೇಡಿ. ಊಟದ ಮೇಲೆ ಅಕ್ಕಪಕ್ಕದವರು ಬಂದು ಪಡಸಾಲೆಯಲ್ಲಿ ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ, ಒಂದು ತಿರುವು, ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಕೈ ನೋಡದೆ ಮಾತಾಡುತ್ತಲೇ ಸುಲಿಯುತ್ತಾರೆ. ಬೆಳಗ್ಗೆ ಆ ಅಡಿಕೆಯನ್ನು ಚೊಗರು ನೀರಿನಲ್ಲಿ ಬೇಯಿಸಿ ಅಟ್ಟದ ಮೇಲೆ ಒಣಗಲು ಹಾಕುತ್ತಾರೆ, ಕೆಂಪಡಿಕೆಯ ಬಣ್ಣ ಬರುವುದು ಅಲ್ಲಿಂದ. ಸಂಬಳ ಸುಲಿದ ಲೆಕ್ಕಕ್ಕೆ ಇರುವುದರಿಂದ ಅವರ ಕೆಲಸಕ್ಕೆ ಅಡ್ಡವಾಗದಂತೆ ಮೂಲೆಯಲ್ಲಿ ಕೂತುಕೊಳ್ಳಿ. ಕಲಿಯಲು ಕರೆದರೆ ಮಾತ್ರ ಕೈ ಹಾಕಿ, ಮೆಟ್ಟುಗತ್ತಿ ಬಲು ಹರಿತ. ನಮ್ಮಿಬ್ಬರ ಬೆರಳೂ ಒಮ್ಮೆ ಒಂದು ವಾರ ಕಪ್ಪಾಗಿತ್ತು. ಆಫೀಸಿನಲ್ಲಿ ಕೀಬೋರ್ಡಿನ ಮೇಲೆ ಆ ಬೆರಳು ಕಂಡಾಗಲೆಲ್ಲ ಅವರ ಬೆರಳೂ ಹಾಗೇ ಇದೆ ಎಂಬುದು ನೆನಪಾಗುತ್ತಿತ್ತು.

ನಿಮ್ಮ ವಾರಾಂತ್ಯ ಭೂಮಿ ಹುಣ್ಣಿಮೆಗೇ ಬಿದ್ದರೆ

ಇದು ಬಹಳ ಅದೃಷ್ಟದ ಮಾತು. ತೆನೆ ಕಟ್ಟುತ್ತಿರುವ ಗದ್ದೆಯನ್ನು ಬಸುರಿ ಹೆಣ್ಣೆಂದು ತಿಳಿದು ಬಯಕೆಯ ಊಟ ಬಡಿಸುವ ಹಬ್ಬ ಇದು. ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ ಎಂದು ಅದರ ಹೆಸರು. ರಾತ್ರಿಯಿಡೀ ಅಡುಗೆ. ಬಗೆಬಗೆಯ ಸೊಪ್ಪು ಬೆರೆಸಿದ ಪಲ್ಯ, ಕಡುಬು, ಅನ್ನ. ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಪೂಜೆ ಮಾಡಿ, ಗದ್ದೆಯ ತುಂಬ ಎಡೆ ಬೀರಿ, ಮನೆಯವರೆಲ್ಲ ಅಲ್ಲೇ ಕೂತು ಉಣ್ಣುತ್ತಾರೆ.

ಕರೆದರೆ ಹೋಗಿ, ಕರೆಯದಿದ್ದರೆ ಕೇಳಿ ಕರೆಸಿಕೊಳ್ಳಬೇಡಿ. ಹೋದರೆ ಬರಿಗಾಲಲ್ಲಿ ಹಿಂದೆ ನಡೆಯಿರಿ, ಫೋಟೊಕ್ಕೆ ಮುಂಚೆ ಅನುಮತಿ ಕೇಳಿ, ಬಡಿಸಿದ್ದನ್ನು ಬಿಡದೆ ಉಣ್ಣಿ. ಮೂರು ವರ್ಷದ ಹಿಂದೆ ನಮ್ಮನ್ನು ಕರೆದಿದ್ದರು. ಬುಟ್ಟಿಯ ಚಿತ್ತಾರ ಬರೆದದ್ದು ಸೊಸೆ, ಹೊತ್ತದ್ದು ಮಗ. ಗದ್ದೆಯ ಅಂಚಿನಲ್ಲಿ ಆತ ಜಾರದಂತೆ ಆಕೆ ಲಾಟೀನು ಎತ್ತಿ ಹಿಡಿದಿದ್ದಳು. ಇಬ್ಬರೂ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ದಾಂಪತ್ಯದ ಬಗ್ಗೆ ಯಾರಾದರೂ ಮಾತೆತ್ತಿದಾಗ ನನ್ನ ಕಣ್ಣಿಗೆ ಬರುವ ಚಿತ್ರ ಈಗ ಅದೇ.

ಭಾನುವಾರ: ಎರಡನೆಯ ಆಸೆ, ಆಮೇಲೆ ಹೊರಡುವುದು

ಬೆಳಗ್ಗೆ ಉಳಿದವರ ಆಸೆ ಪೂರೈಸಿ. ಊಟಕ್ಕೆ ಮನೆಗೆ ಬಂದುಬಿಡಿ. ಮಧ್ಯಾಹ್ನ ಗುಡುಗುವ ಮಳೆ ಬಂದರೆ ಜಗಲಿಯಲ್ಲೇ ಇರಿ. ಹಂಚಿನ ಅಂಚಿನಿಂದ ನೀರು ಸರಿಗೆ ಕಟ್ಟಿದಂತೆ ಇಳಿಯುವುದನ್ನು ನೋಡುತ್ತಾ ಒಂದು ಪುಸ್ತಕ ಹಿಡಿದು ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕೇಳಿ. ನಾವು ಒಂದೊಂದು ವರ್ಷ ಒಂದೊಂದು ಕತೆ ಮುಗಿಸಿದ್ದೇವೆ. ಸಿಡಿಲು ಜೋರಿದ್ದರೆ ಅಂಗಳಕ್ಕೂ ತೋಟಕ್ಕೂ ಇಳಿಯಬೇಡಿ.

ಲೆಕ್ಕ ಚುಕ್ತಾ ಮಾಡುವ ಕೆಲಸ ಸಂಜೆಗೆ ಉಳಿಸಬೇಡಿ, ಊಟದ ನಂತರವೇ ಮುಗಿಸಿ. ಸಿಗ್ನಲ್ ಇಲ್ಲದೆ ಫೋನಿನಿಂದ ಹಣ ಹೋಗದಿರಬಹುದು, ನೋಟು ಕೈಯಲ್ಲಿರಲಿ. ಅಡುಗೆ ಮಾಡಿದ, ನೀರು ಕಾಯಿಸಿದ ಕೆಲಸದವರಿಗೆ ಬೇರೆಯಾಗಿ ಕೊಡಿ. ಕೊಳ್ಳುವುದಿದ್ದರೆ ಜೋನಿ ಬೆಲ್ಲ, ಮಿಡಿ ಉಪ್ಪಿನಕಾಯಿ, ಮನೆಯದೇ ಕಾಳುಮೆಣಸು. ಸೀಸೆಗೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಡಿ, ರೈಲಿನಲ್ಲಿ ಬೆಲ್ಲ ಸೋರಿದರೆ ಚೀಲವೆಲ್ಲ ಅಂಟು.

ಪಾರಿಜಾತದ ಬುಡದಲ್ಲಿ ಸಸಿ ಎದ್ದಿದೆಯೇ ನೋಡಿ, ಒಂದನ್ನು ಕೇಳಿ ತೆಗೆದುಕೊಳ್ಳಿ. ಬೇರಿಗೆ ಮಣ್ಣಿನ ಮುದ್ದೆ ಹಾಗೇ ಇರಲಿ, ಅಡಿಕೆ ಹಾಳೆಯಲ್ಲಿ ಸುತ್ತಿ ಕಟ್ಟಿಕೊಡುತ್ತಾರೆ. ರೈಲಿನಲ್ಲಿ ಕಿಟಕಿಯ ಪಕ್ಕ ಇಟ್ಟು ರಾತ್ರಿ ಒಮ್ಮೆ ನೀರು ಚಿಮುಕಿಸಿ. ನಾವು ತಂದ ಎರಡು ಒಣಗಿದವು. ಮೂರನೆಯದು ನಮ್ಮ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಡ್ರಮ್ಮಿನಲ್ಲಿ ಎದೆಯೆತ್ತರ ಬೆಳೆದಿದೆ, ಹೋದ ಆಶ್ವಯುಜದಲ್ಲಿ ಮೊದಲ ಹನ್ನೊಂದು ಹೂ ಬಿಟ್ಟಿತು.